ಆಡದೆ ಉಳಿದ ನಡೆ

ಮಗನ ಉದ್ಯೋಗವನ್ನು ಅನುಸರಿಸಿ ಹೈದರಾಬಾದಿನ ಕೊಂಡಾಪುರಕ್ಕೆ ಬಂದು ನೆಲೆಸಿದ ನನಗೆ, ಇಲ್ಲಿಯ ಜನರು ಹಗಲಿರುಳು ಗಣಕಯಂತ್ರದ ಮುಂದೆ ಕುಳಿತು ನಡೆಸುವ ನಾನಾ ವ್ಯವಸಾಯಗಳಲ್ಲಿ ಚೆನ್ನಾಗಿ ಅರ್ಥವಾಗುವುದೂ ಅಂತೆಯೇ ಪ್ರಿಯವಾಗಿರುವುದೂ ಒಂದೇ ಒಂದು. ಅದು, ಮಹಾ ಆಟಗಾರರು ಎಂದೋ ಆಡಿ ಮುಗಿಸಿದ ಚದುರಂಗದ ಆಟಗಳನ್ನು ಯಂತ್ರದ ಎದುರಿಗಿಟ್ಟು, ಅವುಗಳಲ್ಲಿ ಯಾವ ಘಟ್ಟದಲ್ಲಿ ಯಾವ ಉತ್ತಮವಾದ ನಡೆ ಆಡದೆ ಉಳಿದುಹೋಯಿತೆಂದು ಹುಡುಕುವ ಕೆಲಸ. ಹೆಬ್ಬಂಡೆಗಳ ದಿಣ್ಣೆಗಳು ಒಂದೊಂದಾಗಿ ಕರಗಿ ಗಾಜಿನ ಸೌಧಗಳಾಗಿ ಏಳುತ್ತಿರುವ ಈ ಬಡಾವಣೆಯಲ್ಲಿ, ಹೈಟೆಕ್ ಸಿಟಿಯ ಕಚೇರಿಗಳಿಂದ ಹಿಂದಿರುಗಿದ ತರುಣರು ಸಂಜೆಯ ಹೊತ್ತು ಮನೆಯ ಮೊಗಸಾಲೆಯಲ್ಲಿ ಮಕ್ಕಳೊಡನೆ ಚದುರಂಗದ ಹಾಸನ್ನು ಬಿಚ್ಚಿ ಕೂಡುವುದು ಅಪರೂಪದ ನೋಟವಲ್ಲ. ತೆಲುಗು ನಾಡು ಈ ಆಟಕ್ಕೆ ಕೊಟ್ಟಿರುವ ಕಾಣಿಕೆಯನ್ನು ನೆನೆದರೆ ಇದು ಆಶ್ಚರ್ಯವೂ ಅಲ್ಲ: ವಿಜಯವಾಡದ ಕೊನೇರು ಹಂಪಿ, ಗುಂಟೂರಿನ ಪೆಂಟ್ಯಾಲ ಹರಿಕೃಷ್ಣ ಮತ್ತು ದ್ರೋಣವಲ್ಲಿ ಹಾರಿಕಾ, ಓರುಗಲ್ಲಿನ ಅರ್ಜುನ್ ಎರಿಗೈಸಿ, ಇವರೆಲ್ಲರೂ ಈ ಮಣ್ಣಿನವರು. 2002ರಲ್ಲಿ ವಿಶ್ವಕಪ್ ಪಂದ್ಯಾವಳಿ ನಡೆದದ್ದು ಇದೇ ಹೈದರಾಬಾದಿನಲ್ಲಿ. ವಿಶ್ವನಾಥನ್ ಆನಂದರು ಅಂತಿಮ ಸುತ್ತಿನಲ್ಲಿ ಉಜ್ಬೇಕಿಸ್ತಾನದ ರುಸ್ತಮ್ ಕಾಸಿಮ್‌ಜಾನೋವರನ್ನು ಗೆದ್ದು ಅದನ್ನು ತಮ್ಮದಾಗಿಸಿಕೊಂಡರು. ಅಂದು ಸೋತ ಆ ಕಾಸಿಮ್‌ಜಾನೋವರೇ ಕೆಲವು ವರ್ಷಗಳ ಅನಂತರ, 2008ರಲ್ಲಿ ಬಾನ್ ನಗರದಲ್ಲಿ ಕ್ರಾಮ್ನಿಕ್ಕರ ಮೇಲೆ ಆನಂದರು ಲೋಕಪಟ್ಟಕ್ಕಾಗಿ ಆಡಿದಾಗ, ಅವರ ಸಹಾಯಕರ ಪಡೆಯಲ್ಲಿದ್ದು ಯಂತ್ರದ ನೆರವಿನಿಂದ ನಡೆಗಳನ್ನು ಶೋಧಿಸಿಕೊಟ್ಟರೆಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಈ ಶೋಧನೆಯ ಸ್ವರೂಪವನ್ನು ಅರಿಯದವರಿಗಾಗಿ ಎರಡು ಮಾತು ಹೇಳಬೇಕು. ಎಂಜಿನ್ ಎಂದು ಎಲ್ಲರೂ ಕರೆಯುವ ತಂತ್ರಾಂಶಕ್ಕೆ ಒಂದು ಸ್ಥಿತಿಯನ್ನು ಒಪ್ಪಿಸಿದರೆ, ಅದು ಅಲ್ಲಿಂದ ಆಡಬಹುದಾದ ನಡೆಗಳನ್ನೂ, ಅವುಗಳಿಗೆ ಎದುರಾಳಿ ಕೊಡಬಹುದಾದ ಉತ್ತರಗಳನ್ನೂ, ಆ ಉತ್ತರಗಳಿಗೆ ಪ್ರತ್ಯುತ್ತರಗಳನ್ನೂ ಶಾಖೋಪಶಾಖೆಯಾಗಿ ಹರಡಿಕೊಂಡು, ನಿಷ್ಫಲವೆಂದು ಸಿದ್ಧವಾದ ಕವಲುಗಳನ್ನು ಅಲ್ಲಲ್ಲಿಯೇ ತೊರೆಯುತ್ತ, ಉಳಿದವುಗಳ ತುದಿಯಲ್ಲಿ ನಿಂತು ಯಾರ ಪಕ್ಷ ಎಷ್ಟು ಮೇಲೆಂಬುದನ್ನು ಒಂದು ಸಂಖ್ಯೆಯಾಗಿ ಹೇಳುತ್ತದೆ. ಒಂದು ಕಾಲಾಳಿನ ಬೆಲೆಯೇ ಆ ಸಂಖ್ಯೆಗೆ ಮಾನ. ನ್ಯೂಯಾರ್ಕಿನಲ್ಲಿ 1997ರಲ್ಲಿ ಕಾಸ್ಪರೋವರನ್ನು ಸೋಲಿಸಿದ ಡೀಪ್ ಬ್ಲೂ ಎಂಬ ಮಹಾಯಂತ್ರ ಸೆಕೆಂಡಿಗೆ ಇಪ್ಪತ್ತು ಕೋಟಿ ಸ್ಥಿತಿಗಳನ್ನು ಪರಿಶೀಲಿಸುತ್ತಿದ್ದಿತು. ಇಂದು ಯಾರು ಬೇಕಾದರೂ ಬೆಲೆಯಿಲ್ಲದೆ ಪಡೆಯಬಹುದಾದ ಸ್ಟಾಕ್‌ಫಿಶ್ ಎಂಬ ತಂತ್ರಾಂಶ ಅಷ್ಟು ಸ್ಥಿತಿಗಳನ್ನು ನೋಡದೆಯೂ ಅದಕ್ಕಿಂತ ಬಹುಪಾಲು ಬಲಿಷ್ಠವಾಗಿ ಆಡುತ್ತದೆ. ನಮ್ಮ ಮನೆಯ ಮೇಲಿನ ಅಂತಸ್ತಿನ ಹುಡುಗನ ಕೈಯಲ್ಲಿರುವ ಫೋನಿಗೆ ಲೋಕದ ಯಾವ ಗ್ರ್ಯಾಂಡ್‌ಮಾಸ್ಟರನೂ ಸಾಟಿಯಲ್ಲ. ಇದು ಈಗ ವಾದಕ್ಕೆ ಅವಕಾಶವಿಲ್ಲದ ಸತ್ಯ.

ಹೀಗಿರುವಾಗ ಮಹಾ ಆಟಗಾರರ ತಪ್ಪುಗಳನ್ನು ಎಣಿಸುವುದರಲ್ಲಿ ಸಾರವೇನು? ಬಲಿಷ್ಠನಾದವನು ದುರ್ಬಲನ ತಪ್ಪನ್ನು ತೋರಿಸುವುದು ಸಹಜವಲ್ಲವೆ? ಈ ಪ್ರಶ್ನೆ ನ್ಯಾಯವಾದದ್ದು. ಆದರೆ ಆಟದ ಮೇಲೆ ಆಟವನ್ನು ತೆಗೆದು ನೋಡುತ್ತ ಹೋದ ಹಾಗೆ, ಯಂತ್ರ ಎತ್ತಿ ತೋರಿಸುವ ತಪ್ಪುಗಳಲ್ಲಿ ಅತ್ಯಂತ ಗಂಭೀರವಾದವುಗಳಿಗೆ ಕಾರಣ ಅಜ್ಞಾನವೂ ಅಲ್ಲ, ಎಣಿಕೆಯ ಶಕ್ತಿಯ ಅಭಾವವೂ ಅಲ್ಲ ಎಂಬುದು ನನಗೆ ಸ್ಪಷ್ಟವಾಗುತ್ತ ಬಂದಿದೆ. ಹತ್ತು ವರ್ಷದ ಬಾಲಕನಿಗೂ ಕಾಣಿಸಬಹುದಾದ ನಡೆಗಳು ಲೋಕದ ಚಾಂಪಿಯನ್ನರಿಗೆ ಕಾಣಿಸದೆ ಹೋಗಿವೆ. ಏಕೆಂದರೆ ಅವರು ಯಾರನ್ನೋ, ಯಾವುದನ್ನೋ ನಂಬಿದ್ದರು. ಎದುರಾಳಿಯ ಪ್ರೌಢಿಮೆಯನ್ನು ನಂಬಿದ್ದರು. ಹಿಂದಿನವರ ಗ್ರಂಥವನ್ನು ನಂಬಿದ್ದರು. ಆಟದ ಫಲಿತಾಂಶವನ್ನೇ ಪ್ರಮಾಣವೆಂದು ನಂಬಿದ್ದರು. ಯಂತ್ರ ಯಾರನ್ನೂ ನಂಬುವುದಿಲ್ಲ. ಅದರ ಎಣಿಕೆಯ ವೇಗಕ್ಕಿಂತ ಈ ನಿಸ್ಸಂಗವೇ ನಮಗೆ ಹೆಚ್ಚಿನ ಪಾಠವನ್ನು ಕಲಿಸುತ್ತದೆಂದು ನನ್ನ ಭಾವನೆ.

ನಮ್ಮವರಿಗೆ ಹತ್ತಿರವಾದ ಉದಾಹರಣೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. 2014ರ ನವೆಂಬರ್ 15ರಂದು ರಷ್ಯದ ಸೋಚಿಯಲ್ಲಿ ಮ್ಯಾಗ್ನಸ್ ಕಾರ್ಲ್‌ಸನ್ ಮತ್ತು ಆನಂದರ ನಡುವೆ ಲೋಕಪಟ್ಟದ ಆರನೆಯ ಆಟ ನಡೆಯಿತು. ಅದುವರೆಗೆ ಇಬ್ಬರದೂ ಎರಡೂವರೆ ಅಂಕ. ಬಿಳಿಯ ಕಾಯಿಗಳಿಂದ ಆಡುತ್ತಿದ್ದ ಕಾರ್ಲ್‌ಸನ್ ನಿಧಾನವಾಗಿ, ಆದರೆ ಬಿಡದೆ, ಆನಂದರನ್ನು ಒತ್ತುತ್ತ ಬಂದು, ಇಪ್ಪತ್ತಾರನೆಯ ನಡೆಯಲ್ಲಿ ತಮ್ಮ ರಾಜನನ್ನು ಡಿ2 ಮನೆಗೆ ಸರಿಸಿದರು. ಅದು ಘೋರ ಪ್ರಮಾದ. ಆನಂದರು ಕುದುರೆಯಿಂದ ಇ5 ಮನೆಯ ಕಾಲಾಳನ್ನು ಹೊಡೆದಿದ್ದರೆ, ಬಿಳಿಯ ಆನೆ ಜಿ8ರಲ್ಲಿ ಕಪ್ಪು ಆನೆಯನ್ನು ತಿಂದರೂ, ಆ ಕುದುರೆ ಸಿ4ರ ಕಾಲಾಳನ್ನೂ ಹೊಡೆದು ಚೆಕ್ ಕೊಟ್ಟು, ಬಿ2ಕ್ಕೆ ಹಾರಿ ಮತ್ತೊಂದು ಚೆಕ್ ಕೊಟ್ಟು, ಅನಂತರ ಸಾವಧಾನವಾಗಿ ತನ್ನ ಆನೆಗೆ ಪ್ರತಿಯಾಗಿ ಬಿಳಿಯ ಆನೆಯನ್ನು ವಶಪಡಿಸಿಕೊಳ್ಳಬಹುದಾಗಿದ್ದಿತು. ಎರಡು ಕಾಲಾಳುಗಳ ಲಾಭ, ಗೆಲುವಿನ ದಾರಿ. ಲೋಕದ ನಾನಾ ಮೂಲೆಗಳಲ್ಲಿ ಎಂಜಿನ್ನನ್ನು ಎದುರಿಗಿಟ್ಟುಕೊಂಡು ನೋಡುತ್ತಿದ್ದ ಸಾಮಾನ್ಯರೆಲ್ಲರಿಗೂ ಅದು ಒಡನೆಯೇ ತಿಳಿಯಿತು. ಕಾರ್ಲ್‌ಸನ್ನರಿಗೂ ನಡೆಯನ್ನಿಟ್ಟ ಮರುಕ್ಷಣದಲ್ಲಿ ಅದರ ಅರಿವಾಗಿ, ಅವರ ಮುಖಭಾವ ಕದಡಿತು. ಆನಂದರು ಮಾತ್ರ ಒಂದು ನಿಮಿಷದ ಆಸುಪಾಸಿನಲ್ಲಿಯೇ ಎ ಸಾಲಿನ ಕಾಲಾಳನ್ನು ಮುಂದೂಡಿದರು. ಅವರು ಆ ಆಟವನ್ನು ಸೋತರು. ಪಂದ್ಯ ಆರೂವರೆ ನಾಲ್ಕೂವರೆಯಾಗಿ ಕಾರ್ಲ್‌ಸನ್ನರ ಪಾಲಾಯಿತು.

ಎರಡು ಮೂರು ಹೆಜ್ಜೆಗಳ ಈ ತಂತ್ರವನ್ನು ಆನಂದರಂಥವರು ಕಾಣದಿರುವುದು ಸಾಧ್ಯವೆ? ಮಿಂಚಿನ ಆಟದಲ್ಲಿ ಇಂಥವನ್ನು ಕ್ಷಣಾರ್ಧದಲ್ಲಿ ಹೊಡೆದು ಬಿಸುಡಬಲ್ಲ ಕಣ್ಣು ಅವರದು. ಉಡುಗೊರೆಯನ್ನು ನಿರೀಕ್ಷಿಸದೆ ಇರುವಾಗ ಅದು ಎದುರಿಗೆ ಬಂದರೂ ಕೈಗೆತ್ತಿಕೊಳ್ಳುವುದು ಕೆಲವೊಮ್ಮೆ ತಪ್ಪಿಹೋಗುತ್ತದೆಂಬ ಅರ್ಥದ ಮಾತನ್ನು ಅವರೇ ಅಂದು ಹೇಳಿದರು. ನಾನು ಕಂಡಂತೆ ಚದುರಂಗದ ವಿಷಯವಾಗಿ ಇಷ್ಟು ಪ್ರಾಮಾಣಿಕವಾದ ಮಾತು ವಿರಳ. ಅವರೆದುರಿಗಿದ್ದ ಸ್ಥಿತಿಯನ್ನು ಅವರು ನೋಡುತ್ತಿರಲಿಲ್ಲವೆಂದಲ್ಲ. ಅದನ್ನು ಕಾರ್ಲ್‌ಸನ್ ನಿರ್ಮಿಸಿದ ಸ್ಥಿತಿಯಾಗಿ ನೋಡುತ್ತಿದ್ದರು. ಇಷ್ಟು ಹೊತ್ತು ಒಂದೂ ಎಡವದೆ ಒತ್ತುತ್ತ ಬಂದವನು ಈಗ ಎಡವಿಯಾನೆಂಬ ಯೋಚನೆಗೆ ಅಲ್ಲಿ ಎಡೆಯೇ ಇರಲಿಲ್ಲ. ಅದೇ ಸ್ಥಿತಿಯನ್ನು ಹೆಸರಿಲ್ಲದ ಒಂದು ಸಮಸ್ಯೆಯಾಗಿ, ಕಪ್ಪು ಆಡಿ ಗೆಲ್ಲಬೇಕೆಂಬ ಒಕ್ಕಣೆಯೊಡನೆ ಅವರ ಮುಂದಿಟ್ಟಿದ್ದರೆ ಉತ್ತರಕ್ಕೆ ಎಷ್ಟು ಹೊತ್ತು ಬೇಕಾಗುತ್ತಿದ್ದಿತು?

ಎದುರಾಳಿಯ ಮೇಲಿನ ಈ ವಿಶ್ವಾಸ ಮನುಷ್ಯನಿಗೆ ಮೀಸಲಾದದ್ದಲ್ಲ. ಯಂತ್ರದ ಮೇಲೂ ಅದು ಹಾಯಬಲ್ಲುದು. 1997ರ ಮೇ 4ರಂದು ಡೀಪ್ ಬ್ಲೂವಿನೊಡನೆ ನಡೆದ ಎರಡನೆಯ ಆಟದಲ್ಲಿ, ನಲವತ್ತೈದನೆಯ ನಡೆಯಾಗಿ ಯಂತ್ರ ತನ್ನ ಆನೆಯನ್ನು ಎ6ಕ್ಕೆ ತಂದೊಡನೆ ಕಾಸ್ಪರೋವರು ಸೋಲನ್ನೊಪ್ಪಿ ಎದ್ದರು. ಆ ಆಟದ ನಡುವೆ ಯಂತ್ರ, ಯಂತ್ರಗಳ ಸ್ವಭಾವಕ್ಕೆ ಹೊರತಾಗಿ, ಕಾಲಾಳುಗಳ ಲಾಭಕ್ಕೆ ಬಾಯಿ ಬಿಡದೆ ಮಹಾ ಆಟಗಾರನಂತೆ ಸ್ಥಿತಿಯನ್ನು ಬಿಗಿಹಿಡಿದದ್ದು ಅವರ ಮನಸ್ಸನ್ನು ಅಲುಗಿಸಿಬಿಟ್ಟಿದ್ದಿತು. ಇಂಥ ಯಂತ್ರ ಬಿಡುಗಡೆಯ ದಾರಿಯೊಂದನ್ನು ತೆರೆದಿಟ್ಟು ಹೋಗಿರಲಾರದೆಂದು ಅವರು ಭಾವಿಸಿದರು. ಮರುದಿನ ಅವರಿಗೆ ತಿಳಿದುಬಂದ ವಿಷಯ ಬೇರೆ: ರಾಣಿಯನ್ನು ಇ3 ಮನೆಗೆ ತಂದಿದ್ದರೆ, ಮೇಲಿಂದ ಮೇಲೆ ಚೆಕ್ ಕೊಡುತ್ತಲೇ ಇದ್ದು ಆಟವನ್ನು ಡ್ರಾ ಮಾಡಿಕೊಳ್ಳುವ ಮಾರ್ಗ ಅಲ್ಲಿದ್ದಿತು. ಡ್ರಾ ಆಗುವ ಸ್ಥಿತಿಯಲ್ಲಿ ಸೋಲೊಪ್ಪಿದ ಆ ಗಾಯ ಅವರಲ್ಲಿ ಪಂದ್ಯದ ಕೊನೆಯವರೆಗೂ ಮಾಯಲಿಲ್ಲವೆಂದು ಅಂದಿನ ವೃತ್ತಾಂತಗಳನ್ನೋದಿದವರಿಗೆಲ್ಲ ಅನ್ನಿಸುತ್ತದೆ. ಇದರಲ್ಲಿ ಇನ್ನೊಂದು ಅಂಶವುಂಟು. ಆ ಮಾರ್ಗವನ್ನು ಸ್ವತಃ ಡೀಪ್ ಬ್ಲೂ ಕೂಡ ಕಂಡಿರಲಿಲ್ಲ. ಕಂಡಿದ್ದರೆ ಆನೆಯನ್ನು ಎ6ಕ್ಕೆ ತರುತ್ತಿರಲಿಲ್ಲ. ಅಂದರೆ ಕಾಸ್ಪರೋವರು ನಂಬಿದ ಸರ್ವಜ್ಞತೆ ಅಂದು ಎದುರಿನ ಯಂತ್ರದಲ್ಲಿಯೂ ಇರಲಿಲ್ಲ. ಇಂದಿನ ಎಂಜಿನ್ ಅಂದಿನ ಕಾಸ್ಪರೋವರನ್ನು ತಿದ್ದುವಾಗ ಅಂದಿನ ಡೀಪ್ ಬ್ಲೂವನ್ನೂ ಅದೇ ಉಸಿರಿನಲ್ಲಿ ತಿದ್ದುತ್ತದೆ.

ಕಾಸ್ಪರೋವರೇ ನಂಬಿಕೆಯ ಫಲವನ್ನು ಉಂಡ ಆಟವೂ ಒಂದುಂಟು. ಹಾಲೆಂಡಿನ ವೈಕ್ ಆನ್ ಜೀ ಎಂಬ ಊರಿನಲ್ಲಿ 1999ರ ಜನವರಿಯಲ್ಲಿ ಅವರು ಬಲ್ಗೇರಿಯದ ತೋಪಲೋವರ ಮೇಲೆ ಆಡಿದ ಆಟವನ್ನು ಚದುರಂಗ ಬಲ್ಲವರೆಲ್ಲರೂ ಅಮರವೆಂದು ಕೊಂಡಾಡುತ್ತಾರೆ, ನಾನೂ ಅವರಲ್ಲೊಬ್ಬ. ಇಪ್ಪತ್ತನಾಲ್ಕನೆಯ ನಡೆಯಲ್ಲಿ ಆನೆಯಿಂದ ಡಿ4ರ ಕಾಲಾಳನ್ನು ಹೊಡೆದು ಆ ಆನೆಯನ್ನು ಬಲಿಗೊಡುವುದು, ಇನ್ನೊಂದು ಆನೆ ಏಳನೆಯ ಸಾಲಿಗೆ ನುಗ್ಗಿ ಚೆಕ್ ಕೊಡುವುದು, ಕಪ್ಪು ರಾಜ ತನ್ನ ಕೋಟೆಯಿಂದ ಹೊರಬಿದ್ದು ಶತ್ರುವಿನ ಕಾಯಿಗಳ ನಡುವೆ ಹಾದು ಬಿಳಿಯ ಮೊದಲ ಸಾಲಿನವರೆಗೂ ಅಟ್ಟಿಸಿಕೊಂಡು ಹೋಗುವುದು, ಇವೆಲ್ಲ ಓದುತ್ತಿದ್ದಂತೆ ಮೈ ನವಿರೇಳಿಸುತ್ತವೆ. ಆದರೆ ತೋಪಲೋವರು ಬಲಿಗೊಟ್ಟ ಆ ಆನೆಯನ್ನು ಮುಟ್ಟದೆ, ರಾಜನನ್ನು ಸುಮ್ಮನೆ ಬಿ6ಕ್ಕೆ ಸರಿಸಿದ್ದರೆ ಈ ಮಹಾಕಾವ್ಯದಲ್ಲಿ ಒಂದು ಸರ್ಗವೂ ಹುಟ್ಟುತ್ತಿರಲಿಲ್ಲವೆಂಬುದು ಆಮೇಲಿನ ವಿಶ್ಲೇಷಣೆಯಿಂದ ಸಿದ್ಧಪಟ್ಟಿತು. ಕಾಸ್ಪರೋವರ ನಡೆಗಳಲ್ಲಿಯೂ ಒಂದು ಕಡೆ ಲೋಪವುಂಟು. ಇಪ್ಪತ್ತೆಂಟನೆಯ ನಡೆಯಲ್ಲಿ ರಾಣಿಯನ್ನು ಸಿ3ಕ್ಕೆ ತಂದುದಕ್ಕೆ ಬದಲಾಗಿ ಆನೆಯನ್ನು ಎ7ಕ್ಕೆ ತಂದಿದ್ದರೆ ಗೆಲುವು ಇನ್ನೂ ಸುಲಭವಾಗುತ್ತಿದ್ದಿತೆಂದು ಲುಬೊಮಿರ್ ಕವಾಲೆಕ್ಕರು ತೋರಿಸಿದರು. ಹಾಗಾದರೆ ಆ ಆಟದ ಸೌಂದರ್ಯ ಕುಂದಿತೆ? ನನಗೆ ಹಾಗೆ ತೋರುವುದಿಲ್ಲ. ಬಿ6ರ ನಡೆಯನ್ನು ತಿಳಿದ ಮೇಲೆ ನಾನು ಆ ಆಟವನ್ನು ಓದುವಾಗ, ತೋಪಲೋವರು ಆನೆಗೆ ಕೈಚಾಚುವ ಗಳಿಗೆಯಲ್ಲಿ ತಡೆದು ನಿಲ್ಲುತ್ತೇನೆ. ಅಲ್ಲಿ ಎರಡು ಲೋಕಗಳು ಬೇರ್ಪಡುತ್ತವೆಂಬ ಅರಿವು ಮುಂದಿನ ಪ್ರತಿಯೊಂದು ನಡೆಗೂ ಹಿಂದಿಲ್ಲದ ತೂಕವನ್ನು ಕೊಡುತ್ತದೆ.

ಆಟಗಾರರಿಗಿಂತ ಹೆಚ್ಚಿನ ನಂಬಿಕೆ ವ್ಯಾಖ್ಯಾನಕಾರರದು. ಗೆದ್ದವನ ನಡೆಗಳೆಲ್ಲ ಒಂದು ಮಹಾಸಂಕಲ್ಪದ ಅಂಗಗಳೆಂದೂ ಸೋತವನ ನಡೆಗಳೆಲ್ಲ ಪತನದ ಸೋಪಾನಗಳೆಂದೂ ವಿವರಿಸುವ ಪದ್ಧತಿ ನೂರಾರು ವರ್ಷ ನಡೆದುಬಂದಿತು. ಫಲಿತಾಂಶವನ್ನು ಮೊದಲೇ ಬಲ್ಲವನು ಅದಕ್ಕೆ ತಕ್ಕ ಕಾರಣಗಳನ್ನು ಕಾಣದಿರುವುದು ದುಸ್ಸಾಧ್ಯ. ಒಬ್ಬ ಪ್ರಸಿದ್ಧನು ಒಂದು ನಡೆಗೆ ಆಶ್ಚರ್ಯಚಿಹ್ನೆಯನ್ನಿಟ್ಟರೆ ಮುಂದಿನವನೂ ಅದನ್ನೇ ಇಟ್ಟನು, ಅವನ ಅನಂತರದವನೂ ಇಟ್ಟನು. ಓಲೆಗರಿಯಲ್ಲಿ ಮೊದಲ ಲಿಪಿಕಾರನು ತಪ್ಪಿ ಬರೆದ ಅಕ್ಷರವನ್ನು ಪ್ರತಿಯಿಂದ ಪ್ರತಿಗೆ ಭಕ್ತಿಯಿಂದ ನಕಲು ಮಾಡಿಕೊಂಡು ಬಂದಂತೆ ಆಯಿತು. ಕಾಸ್ಪರೋವರು 2003ರಿಂದ ಹೊರತರತೊಡಗಿದ ತಮ್ಮ ಹಿರಿಯರ ಕುರಿತ ಗ್ರಂಥಮಾಲೆಯಲ್ಲಿ ಈ ಹಳೆಯ ವ್ಯಾಖ್ಯಾನಗಳನ್ನು ಯಂತ್ರದ ನೆರವಿನಿಂದ ಶೋಧಿಸಹೊರಟರು. ಪುಸ್ತಕ ಅಚ್ಚಾದ ಕೆಲವೇ ದಿನಗಳಲ್ಲಿ, ತಮ್ಮ ತಮ್ಮ ಮನೆಗಳಲ್ಲಿ ಎಂಜಿನ್ನುಗಳನ್ನಿಟ್ಟುಕೊಂಡಿದ್ದ ಓದುಗರು ಕಾಸ್ಪರೋವರ ಶೋಧನೆಯಲ್ಲಿಯೇ ಉಳಿದ ಲೋಪಗಳನ್ನು ಹೆಕ್ಕಿ ತೋರಿಸತೊಡಗಿದರು. ಲೋಕದ ಅತ್ಯುತ್ತಮ ಆಟಗಾರನೊಬ್ಬನ ಮಾತನ್ನು ಸಾಮಾನ್ಯ ಓದುಗನು ಪ್ರಮಾಣ ಸಹಿತ ತಿದ್ದುವುದು ಈ ಆಟದ ಚರಿತ್ರೆಯಲ್ಲಿ ಅದುವರೆಗೆ ನಡೆಯದ ಸಂಗತಿ. ಜ್ಞಾನದಲ್ಲಿ ಇಂಥ ಪ್ರಜಾಪ್ರಭುತ್ವ ಬೇರೆ ಕ್ಷೇತ್ರಗಳಿಗೂ ಬರಲೆಂದು ನಾನು ಹಾರೈಸುತ್ತೇನೆ.

ಗ್ರಂಥದ ಮೇಲಿನ ನಂಬಿಕೆಗೆ ಇನ್ನೂ ದೀರ್ಘವಾದ ಆಯುಸ್ಸಿನ ಒಂದು ನಿದರ್ಶನ ಕೊಡುತ್ತೇನೆ. ಒಬ್ಬನ ಬಳಿ ರಾಜನೂ ಎರಡು ಒಂಟೆಗಳೂ, ಇನ್ನೊಬ್ಬನ ಬಳಿ ರಾಜನೂ ಒಂದು ಕುದುರೆಯೂ ಉಳಿದರೆ ಆಟ ಏನಾಗುತ್ತದೆ? 1851ರಲ್ಲಿ ಕ್ಲಿಂಗ್ ಮತ್ತು ಹಾರ್ವಿಟ್ಜ್ ಎಂಬ ಇಬ್ಬರು ವಿದ್ವಾಂಸರು, ಮೂಲೆಯ ಬಳಿ ರಾಜನೂ ಕುದುರೆಯೂ ಒಂದನ್ನೊಂದು ಅವಲಂಬಿಸಿ ನಿಂತರೆ ಅದು ಅಭೇದ್ಯವಾದ ಕೋಟೆಯೆಂದು ಬರೆದರು. ಅಲ್ಲಿಂದ ಮುಂದೆ ನೂರಮೂವತ್ತು ವರ್ಷಕ್ಕೂ ಮೇಲ್ಪಟ್ಟು ಎಲ್ಲ ಪಠ್ಯಗಳೂ ಅದನ್ನು ಡ್ರಾ ಎಂದೇ ಬೋಧಿಸಿದುವು. 1983ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್ನರು ಆ ಕಾಯಿಗಳು ಹಾಸಿನ ಮೇಲೆ ನಿಲ್ಲಬಹುದಾದ ಸಮಸ್ತ ಸ್ಥಿತಿಗಳನ್ನೂ ಮಾತ್‌ನಿಂದ ಹಿಮ್ಮುಖವಾಗಿ ಎಣಿಸಿಕೊಂಡು ಬಂದು, ಕೆಲವು ಅಪವಾದಗಳನ್ನು ಬಿಟ್ಟರೆ ಒಂಟೆಗಳದೇ ಜಯವೆಂದೂ, ಅದಕ್ಕೆ ಹೆಚ್ಚೆಂದರೆ 66 ನಡೆಗಳು ಸಾಕೆಂದೂ ಸಾಧಿಸಿದರು. ಕೊಂಡಾಪುರದ ಮನೆಮನೆಯ ಎಂಜಿನಿಯರುಗಳು ಇಂದಿಗೂ ಯಾವ ಯೂನಿಕ್ಸಿನ ಸಂತತಿಯ ಮೇಲೆ ತಮ್ಮ ಅನ್ನವನ್ನು ಸಂಪಾದಿಸುತ್ತಾರೋ ಅದರ ನಿರ್ಮಾತೃಗಳಲ್ಲೊಬ್ಬರೂ ಇದೇ ಥಾಂಪ್ಸನ್ನರೆಂದು ನಾನು ಹೇಳಿದಾಗ, ನನ್ನ ಮಗನ ಗೆಳೆಯರು ಆಟಕ್ಕಿಂತ ಹೆಚ್ಚು ಆ ಹೆಸರಿಗೆ ಕಿವಿಗೊಟ್ಟರು. 2012ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದ ಯಂತ್ರದ ಮೇಲೆ ಏಳು ಕಾಯಿಗಳವರೆಗಿನ ಎಲ್ಲ ಅಂತ್ಯಗಳೂ ಹೀಗೆಯೇ ನಿಶ್ಶೇಷವಾಗಿ ಎಣಿಸಲ್ಪಟ್ಟುವು. ಅವುಗಳಲ್ಲೊಂದರಲ್ಲಿ ಮಾತ್ ಮಾಡಲು 549 ನಡೆಗಳು ಬೇಕು. ಆ ನಡೆಗಳನ್ನು ನಾನು ಆಡಿಸಿ ನೋಡಿದ್ದೇನೆ. ಅವುಗಳ ಬಹುಭಾಗದಲ್ಲಿ ಏಕೆ ಈ ಕಾಯಿ ಇಲ್ಲಿಗೆ ಬಂದಿತೆಂಬುದು ಯಾವ ಮನುಷ್ಯನಿಗೂ ತಿಳಿಯುವಂತಿಲ್ಲ.

ಇಲ್ಲಿ ಮೈಸೂರಿನವರೊಬ್ಬರ ಸ್ಮರಣೆ ಬರುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರು, ತಮ್ಮ ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿಯೆಂಬ ಭಾಗವನ್ನೇ ಆಟಗಳಿಗಾಗಿ ಮೀಸಲಿಟ್ಟವರು, ಕುದುರೆ ಅರವತ್ತನಾಲ್ಕು ಮನೆಗಳನ್ನೂ ಒಂದೊಂದು ಸಲ ಮಾತ್ರ ಮೆಟ್ಟಿ ಬರುವ ತುರಗಗತಿಯಲ್ಲಿ ಅಪಾರವಾದ ಆಸಕ್ತಿಯುಳ್ಳವರಾಗಿದ್ದರು. ಕುದುರೆ ಮೆಟ್ಟಿದ ಕ್ರಮದಲ್ಲಿ ಮನೆಗಳಿಗೆ ಅಂಕಿಗಳನ್ನು ಕೊಟ್ಟರೆ ಪ್ರತಿ ಅಡ್ಡಸಾಲಿನ, ಪ್ರತಿ ಕಂಬಸಾಲಿನ ಮೊತ್ತವೂ 260 ಆಗುವಂಥ ಗತಿಗಳುಂಟು. ಎರಡು ಕರ್ಣಗಳ ಮೊತ್ತವೂ ಅಷ್ಟೇ ಆಗುವಂಥದೊಂದು ಉಂಟೆ ಎಂದು ಹತ್ತೊಂಬತ್ತನೆಯ ಶತಮಾನದಿಂದ ಎಷ್ಟೋ ಜನರು ಹುಡುಕಿದರು. 2003ರ ಆಗಸ್ಟಿನಲ್ಲಿ, ಎರಡು ತಿಂಗಳಷ್ಟು ಗಣನೆಯ ಅನಂತರ, ಅಂಥದು ಇಲ್ಲವೇ ಇಲ್ಲವೆಂದು ಯಂತ್ರ ನಿರ್ಣಯವಿತ್ತಿತು. ಎದುರಾಳಿಯಿಲ್ಲದ ಆ ಆಟದಲ್ಲಿ ಯಾರನ್ನೋ ನಂಬಿ ಮೋಸಹೋಗುವ ಭಯವೂ ಇಲ್ಲ. ಹಾಗಾಗಿಯೇ ಇರಬೇಕು, ಆ ನಿರ್ಣಯ ನನ್ನಲ್ಲಿ ಸೋಚಿಯ ಒಂದು ನಡೆ ಎಬ್ಬಿಸುವಷ್ಟು ಕೋಲಾಹಲವನ್ನು ಎಬ್ಬಿಸುವುದಿಲ್ಲ.

ಯಂತ್ರದ ತಕ್ಕಡಿಯಲ್ಲಿ ಮನುಷ್ಯರನ್ನೇ ತೂಗಿದವರೂ ಇದ್ದಾರೆ. ಸ್ಲೊವೇನಿಯದ ಮಾತೆಯ್ ಗುಯಿದ್ ಮತ್ತು ಇವಾನ್ ಬ್ರಾಟ್ಕೊ ಎಂಬ ಪ್ರಾಜ್ಞರು 2006ರಲ್ಲಿ, ಲೋಕಪಟ್ಟಕ್ಕಾಗಿ ನಡೆದ ಆಟಗಳನ್ನು ಕ್ರ್ಯಾಫ್ಟಿ ಎಂಬ ತಂತ್ರಾಂಶದಿಂದ ಪರೀಕ್ಷಿಸಿ, ಪ್ರತಿಯೊಬ್ಬ ಚಾಂಪಿಯನ್ನನೂ ಯಂತ್ರದ ಆಯ್ಕೆಯಿಂದ ಸರಾಸರಿಯಲ್ಲಿ ಎಷ್ಟು ದೂರ ಸರಿದನೆಂದು ಲೆಕ್ಕಹಾಕಿದರು. ಅತ್ಯಲ್ಪ ದೂರ ಸರಿದವನು ಕ್ಯೂಬಾದ ಕಾಪಾಬ್ಲಾಂಕಾ. ಆತನ ಆಟದ ನೈರ್ಮಲ್ಯವನ್ನು ಬಲ್ಲ ಯಾರಿಗೂ ಇದರಿಂದ ವಿಸ್ಮಯವಾಗಲಾರದು. ಆ ಪ್ರಾಜ್ಞರು ಸ್ಥಿತಿಗಳ ಜಟಿಲತೆಯನ್ನೂ ಗಣನೆಗೆ ತೆಗೆದುಕೊಂಡರೆಂಬುದನ್ನು ಮರೆಯದೆ, ಒಂದು ಆಕ್ಷೇಪವನ್ನು ನಾನು ಹೇಳಲೇಬೇಕು. ಮಿಖಾಯಿಲ್ ಟಾಲ್ ಎಂಬ ಮಹಾಶಿಲ್ಪಿಯನ್ನು ಈ ತಕ್ಕಡಿ ಹೇಗೆ ತೂಗೀತು? 1960ರಲ್ಲಿ ಮಾಸ್ಕೋದಲ್ಲಿ ಬೋಟ್ವಿನ್ನಿಕ್ಕರ ಮೇಲೆ ಆಡಿದ ಆರನೆಯ ಆಟದಲ್ಲಿ ಟಾಲ್ ಇಪ್ಪತ್ತೊಂದನೆಯ ನಡೆಯಾಗಿ ಕುದುರೆಯನ್ನು ಎಫ್4ರಲ್ಲಿ ಬಲಿಗೊಟ್ಟಾಗ, ಸಭಾಂಗಣದ ಗದ್ದಲ ಅಡಗದೆ ಆಟಗಾರರನ್ನು ಒಳಕೋಣೆಗೆ ಕರೆದೊಯ್ಯಬೇಕಾಯಿತು. ಬೋಟ್ವಿನ್ನಿಕ್ಕರಿಗೆ ಅಲ್ಲಿ ಇನ್ನೂ ಉತ್ತಮವಾದ ರಕ್ಷಣೆಯಿದ್ದಿತೆಂದು ವಿಶ್ಲೇಷಕರು ಆಮೇಲೆ ಕಂಡುಹಿಡಿದರು. ಆದರೆ ಟಾಲ್ ಆಡಿದ್ದು ವಿಶ್ಲೇಷಕರ ಎದುರಿಗಲ್ಲ. ಗಡಿಯಾರದ ಮುಳ್ಳು ಓಡುತ್ತಿರುವಾಗ, ಅರಣ್ಯದಂತೆ ಕವಿದ ಸಾಧ್ಯತೆಗಳ ನಡುವೆ ಒಂದೇ ಒಂದು ದಾರಿಯನ್ನು ಆರಿಸಬೇಕಾದ ಶಾಸ್ತ್ರನಿಷ್ಠನಾದ ಒಬ್ಬ ಮನುಷ್ಯನ ಎದುರಿಗೆ. ಎದುರಿನವನಲ್ಲಿ ಸಂಶಯವನ್ನು ಬಿತ್ತುವ ಸಾಮರ್ಥ್ಯಕ್ಕೆ ಸಂಖ್ಯೆಯಿಲ್ಲ.

ಈಗ ಹೇಳಬೇಕಾದ ಮಾತು ಬಂದಿತು. ಯಾರನ್ನೂ ನಂಬದ ಯಂತ್ರವನ್ನು ನಾವು ನಂಬುವ ಪರಿಯೇ ನನಗೆ ಹೆಚ್ಚಿನ ವ್ಯಸನವನ್ನುಂಟುಮಾಡುತ್ತದೆ. ಮೇಲಿನ ಅಂತಸ್ತಿನ ಆ ಹುಡುಗ ಬಹಳ ಬುದ್ಧಿವಂತ. ಆದರೆ ಮೊದಮೊದಲು ಯಾವ ಆಟವನ್ನು ತೆರೆದರೂ ಅವನ ಕಣ್ಣು ಹಾಸಿನ ಮೇಲೆ ಬೀಳುವ ಮೊದಲೇ ಪಕ್ಕದ ಸಂಖ್ಯೆಯ ಮೇಲೆ ಬೀಳುತ್ತಿದ್ದಿತು. “ತಾತಯ್ಯಾ, ಇಲ್ಲಿ ಆನಂದ್ ತಪ್ಪು ಮಾಡಿದರು,” ಎನ್ನುವನು. ಏಕೆ ತಪ್ಪೆಂದರೆ, “ಎಂಜಿನ್ ಹೇಳುತ್ತದೆ,” ಎನ್ನುವನು. ಹಿಂದಿನವರು ಕ್ಲಿಂಗ್ ಮತ್ತು ಹಾರ್ವಿಟ್ಜರನ್ನು ನಂಬಿದ್ದಕ್ಕೂ ಇದಕ್ಕೂ ಏನು ಭೇದ? ಗ್ರಂಥದ ಸ್ಥಾನದಲ್ಲಿ ಯಂತ್ರ ಬಂದು ಕುಳಿತಿತು, ಅಷ್ಟೆ. ಆ ಯಂತ್ರದ ತೀರ್ಪಿಗೂ ಒಂದು ತಾರೀಖು ಉಂಟೆಂಬುದನ್ನು ಡೀಪ್ ಬ್ಲೂವಿನ ಆನೆ ಆಗಲೇ ತೋರಿಸಿಕೊಟ್ಟಿತು. 2017ರ ಡಿಸೆಂಬರಿನಲ್ಲಿ ಅದು ಇನ್ನೂ ಪ್ರಖರವಾಗಿ ಕಂಡಿತು: ಆಟದ ನಿಯಮಗಳನ್ನು ಬಿಟ್ಟು ಬೇರೇನನ್ನೂ ಅರಿಯದೆ, ತನ್ನೊಡನೆ ತಾನೇ ಆಡಿಕೊಂಡು ಕಲಿತ ಆಲ್ಫಾಜೀರೋ ಎಂಬ ತಂತ್ರಾಂಶ, ಅಂದಿನ ಸ್ಟಾಕ್‌ಫಿಶ್ಶಿನ ಮೇಲೆ ನೂರು ಆಟಗಳಲ್ಲಿ 28ನ್ನು ಗೆದ್ದು 72ನ್ನು ಡ್ರಾ ಮಾಡಿಕೊಂಡು ಒಂದನ್ನೂ ಸೋಲಲಿಲ್ಲ. ಆ ಪಂದ್ಯದ ಏರ್ಪಾಡಿನ ಬಗ್ಗೆ ಆಕ್ಷೇಪಗಳುಂಟು. ಆದರೂ ಆ ಆಟಗಳಲ್ಲಿ ಕೆಲವು ಕಡೆ ಸ್ಟಾಕ್‌ಫಿಶ್ ತನ್ನ ಸ್ಥಿತಿ ಸಮವೆಂದು ಭಾವಿಸುತ್ತಲೇ ಉಸಿರುಕಟ್ಟಿ ಹೋದುದನ್ನು ನೋಡಿದವರಾರೂ, ಅದಕ್ಕೆ ಹಿಂದಿನ ವರ್ಷ ಅದೇ ಸ್ಟಾಕ್‌ಫಿಶ್ ಮಹಾ ಆಟಗಾರರ ನಡೆಗಳಿಗೆ ಹಾಕಿದ ಅಂಕಗಳನ್ನು ಮತ್ತೆ ಅಷ್ಟೇ ಶ್ರದ್ಧೆಯಿಂದ ಓದಲಾರರು. 2020ರಿಂದ ಸ್ಟಾಕ್‌ಫಿಶ್ಶಿನೊಳಗೂ ಕಲಿಯುವ ಜಾಲವೊಂದನ್ನು ಅಳವಡಿಸಿದ್ದಾರೆ.

ಇದನ್ನೆಲ್ಲ ಬಲ್ಲ ಗುರುಗಳು ಏನು ಮಾಡುತ್ತಾರೆ? 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಹದಿನೆಂಟನೆಯ ವಯಸ್ಸಿನಲ್ಲಿ ಲೋಕದ ಚಾಂಪಿಯನ್ನನಾದ ಗುಕೇಶನನ್ನು ಬಾಲ್ಯದಿಂದ ತಿದ್ದಿದ ವಿಷ್ಣು ಪ್ರಸನ್ನರು, ಆರಂಭದ ವರ್ಷಗಳಲ್ಲಿ ಅವನನ್ನು ಎಂಜಿನ್ನಿನ ಹತ್ತಿರ ಸುಳಿಯಗೊಡಲಿಲ್ಲವೆಂಬುದು ಈಗ ಎಲ್ಲರಿಗೂ ತಿಳಿದ ವಿಷಯ. ಹುಡುಗ ಮೊದಲು ತನ್ನ ತಲೆಯಿಂದ ಎಣಿಸುವುದನ್ನು ಕಲಿಯಲಿ, ತಪ್ಪಾದರೂ ತನ್ನದೇ ಆದ ಒಂದು ನಿರ್ಣಯವನ್ನು ಹೊಂದಿರಲಿ ಎಂಬುದು ಆ ಗುರುವಿನ ಆಶಯವಾಗಿದ್ದಿತು. ಅದೇ ಗುಕೇಶ ಲೋಕಪಟ್ಟಕ್ಕಾಗಿ ಸಿದ್ಧನಾಗುವಾಗ, ಇದೇ ತೆಲುಗು ನಾಡಿನ ಹರಿಕೃಷ್ಣರೂ ಸೇರಿದ್ದ ಸಹಾಯಕರ ಪಡೆ ಯಂತ್ರಗಳ ನೆರವಿನಿಂದ ಹುಡುಕಿದ ನಡೆಗಳನ್ನು ಕೈಯಲ್ಲಿ ಹಿಡಿದೇ ಹೊರಟನು. ಮೊದಲು ವರ್ಜ್ಯವಾದದ್ದು ಆಮೇಲೆ ಗ್ರಾಹ್ಯವಾದುದರಲ್ಲಿ ವಿರೋಧವಿಲ್ಲ. ಯಂತ್ರದ ಉಪಕಾರವನ್ನು ನಮ್ಮ ನಾಡಿನಲ್ಲಿಯೂ ಕಾಣಬಹುದು. ನಮ್ಮ ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ದೊರೆತದ್ದು 2017ರಲ್ಲಿ, ಮೈಸೂರಿನ ತೇಜ್‌ಕುಮಾರರಿಂದ. ಆನಂದರು ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರರಾದ 1988ಕ್ಕೂ ಇದಕ್ಕೂ ನಡುವೆ ಸುಮಾರು ಮೂವತ್ತು ವರ್ಷಗಳ ಅಂತರ. ಅನಂತರ ಶಿವಮೊಗ್ಗೆಯ ಕಡೆಯ ಸ್ಟ್ಯಾನಿ, ಬೆಂಗಳೂರಿನ ಪ್ರಣವ್ ಆನಂದ್ ಮೊದಲಾದವರು ಬೇಗಬೇಗನೆ ಆ ಪದವಿಗೇರಿದರು. ದೊಡ್ಡ ಗುರುವಾಗಲಿ ದೊಡ್ಡ ಗ್ರಂಥಭಂಡಾರವಾಗಲಿ ಇಲ್ಲದ ಊರಿನ ಬಾಲಕನಿಗೂ ನಿಷ್ಪಕ್ಷಪಾತಿಯಾದ ಒಬ್ಬ ಪರೀಕ್ಷಕ ಮನೆಯಲ್ಲಿಯೇ ದೊರೆಯುವಂತಾದದ್ದು ಈ ವೇಗಕ್ಕೆ ಒಂದು ಕಾರಣವಾಗಿರಬೇಕೆಂದು ನನಗೆ ತೋರುತ್ತದೆ. ಆದುದರಿಂದ ಯಂತ್ರವನ್ನು ದೂರಮಾಡೆಂದು ನಾನು ಯಾವ ಬಾಲಕನಿಗೂ ಹೇಳಲಾರೆ.

ಆ ಹುಡುಗನಿಗೂ ನನಗೂ ಈಗ ಒಂದು ಒಪ್ಪಂದ ಏರ್ಪಟ್ಟಿದೆ. ಆಟವನ್ನು ಮರದ ಹಾಸಿನ ಮೇಲೆಯೇ ಆಡಿಸುವುದು; ಇಬ್ಬರೂ ಬೇರೆ ಬೇರೆಯಾಗಿ ಎಲ್ಲಿ ಉತ್ತಮವಾದ ನಡೆಯಿದ್ದಿತೆಂದು ಕಾಗದದ ಮೇಲೆ ಕಾರಣ ಸಹಿತ ಬರೆಯುವುದು; ಆಮೇಲೆ ಎಂಜಿನ್ನನ್ನು ತೆರೆಯುವುದು; ಅದು ಹೇಳಿದ ನಡೆಗೆ ನಮ್ಮ ಮಾತಿನಲ್ಲಿ ಕಾರಣ ಸಿಗುವವರೆಗೂ ಮುಂದಿನ ನಡೆಗೆ ಹೋಗದಿರುವುದು. ಇತ್ತೀಚೆಗೆ ಎತ್ತಿಕೊಂಡದ್ದು, ಆನಂದರು 2013ರ ಜನವರಿಯಲ್ಲಿ ಅದೇ ವೈಕ್ ಆನ್ ಜೀಯಲ್ಲಿ ಅರೋನಿಯನ್ನರ ಮೇಲೆ ಕಪ್ಪು ಕಾಯಿಗಳಿಂದ ಆಡಿ ಇಪ್ಪತ್ತಮೂರೇ ನಡೆಗಳಲ್ಲಿ ಗೆದ್ದ ಆಟ. ಗೆಲ್ಫಂಡರೊಡನೆ ನಡೆದ 2012ರ ಪಂದ್ಯಕ್ಕಾಗಿ ಸಿದ್ಧಪಡಿಸಿ ಪ್ರಯೋಗಿಸಲು ಅವಕಾಶ ದೊರೆಯದಿದ್ದ ನಡೆಗಳು ಅಲ್ಲಿ ಬೆಳಕಿಗೆ ಬಂದುವು. ಒಂಟೆ ಸಿ5ಕ್ಕೆ ಬಂದದ್ದೂ, ಅದರ ಬೆನ್ನಿಗೇ ಕುದುರೆ ಇ5ಕ್ಕೆ ಹಾರಿದ್ದೂ, ಯಂತ್ರದೊಡನೆ ಕುಳಿತು ಮಾಡಿದ ಗೃಹಪಾಠದ ಫಲ. ಆನಂದರ ಎರಡು ಒಂಟೆಗಳು ಪಕ್ಕಪಕ್ಕದ ಕರ್ಣಗಳಿಂದ ಬಿಳಿಯ ರಾಜನನ್ನು ಗುರಿಯಿಡುವ ರೀತಿಯನ್ನು ಕಂಡು ನಾನು ಇನ್ನೊಂದು ಹಾಸನ್ನು ತರಿಸಿ, 1907ರಲ್ಲಿ ಲಾಡ್ಜ್ ನಗರದಲ್ಲಿ ರೋಟ್ಲೆವಿಯ ಮೇಲೆ ರೂಬಿನ್‌ಸ್ಟೈನ್ ಆಡಿದ ಆಟವನ್ನು ಪಕ್ಕದಲ್ಲಿ ಜೋಡಿಸಿದೆನು. ಆ ಸಾದೃಶ್ಯವನ್ನು ಆನಂದರೇ ಮೊದಲು ಎತ್ತಿ ಹೇಳಿದ್ದರು. ನೂರು ವರ್ಷಕ್ಕೂ ಹಿಂದಿನವರು ಎಂಜಿನ್ ಇಲ್ಲದೆ ಆಡಿದ್ದರಲ್ಲಿ ತಪ್ಪು ಬಹಳವಿರಬೇಕೆಂದು ಹುಡುಗ ಉತ್ಸಾಹದಿಂದ ಹುಡುಕತೊಡಗಿದನು. ರೋಟ್ಲೆವಿಯ ಲೋಪಗಳು ಅವನಿಗೆ ಬೇಗನೆ ಸಿಕ್ಕಿದುವು. ರೂಬಿನ್‌ಸ್ಟೈನ್ ರಾಣಿಯನ್ನು ತೊರೆದು ಆನೆಯಿಂದ ಸಿ3ರ ಕುದುರೆಯನ್ನು ಹೊಡೆದ ಇಪ್ಪತ್ತೆರಡನೆಯ ನಡೆಯ ಮೇಲೆ ಮಾತ್ರ ಬಹಳ ಹೊತ್ತು ಕುಳಿತು, ಒಂದು ಶಂಕೆಯನ್ನು ಬರೆದು, ಎಂಜಿನ್ನನ್ನು ತೆರೆದು ಓಡಲು ಬಿಟ್ಟನು. ಅದೂ ಆನೆಯಿಂದ ಸಿ3ರ ಕುದುರೆಯನ್ನೇ ಹೊಡೆಯಿತು.